ಎಷ್ಟಕ್ಕಾತಕ್ಕಾ

ಹುಚ್ಚಕ್ಕನಿಗೆ ಆ ಹೆಸರು ಇಟ್ಟದ್ದು ಯಮನಿಗೆ ಮೋಸ ಮಾಡಲಿಕ್ಕೆ. ಅವಳಿಗಿಂತ ಮುಂಚೆ ಹುಟ್ಟಿದ ಕೂಸುಗಳೆಲ್ಲ ತೊಟ್ಟಿಲಲ್ಲೇ ಕಣ್ಣು ಮುಚ್ಚಿದ್ದವು. ಹಾಗಾದಾಗ ನಮ್ಮ ಕಡೆ ಮುಂದಿನ ಕೂಸಿಗೆ ಚೆಂದದ ಹೆಸರು ಇಡುವುದಿಲ್ಲ. ತಿಪ್ಪೆಯ ಮೇಲೆ ಒಂದು ಗಳಿಗೆ ಮಲಗಿಸಿ ತಿಪ್ಪ ಅನ್ನುತ್ತಾರೆ, ಗುಂಡ ಅನ್ನುತ್ತಾರೆ, ಹುಚ್ಚ ಅನ್ನುತ್ತಾರೆ. ಇಂಥ ಕೆಲಸಕ್ಕೆ ಬಾರದ್ದನ್ನು ಹೊತ್ತುಕೊಂಡು ಹೋಗಿ ಏನು ಮಾಡಲಿ ಅಂತ ಯಮ ಬಾಗಿಲಿಂದಲೇ ತಿರುಗಿ ಹೋಗಬೇಕು. ಹೋದ ಕೂಡ. ಹಟ್ಟಿಯಲ್ಲಿ ಆ ಹೆಸರಿಗೆ ಯಾರೂ ನಗುತ್ತಿರಲಿಲ್ಲ, ಅದು ಬದುಕಿ ಉಳಿದವಳ ಹೆಸರು. ಯಮ ಬಿಟ್ಟುಹೋದದ್ದು ಹಾಲೇಶಪ್ಪನ ಕೈಗೆ ಸಿಕ್ಕಿತು.

ಹಾಲೇಶಪ್ಪ ಯಾರು ಅಂತ ಈ ಸೀಮೆಯಲ್ಲಿ ಕೇಳಿದರೆ ನಿಮ್ಮ ತಲೆಯ ಮೇಲೇ ಅನುಮಾನ ಪಡುತ್ತಾರೆ. ಚಳ್ಳಕೆರೆಯ ಎಣ್ಣೆ ಮಿಲ್ಲಿನವರ ಮಗ. ತಾನೇ ಪದ ಕಟ್ಟಿ ತಾನೇ ಹಾಡುವವನು. ಕ್ಯಾಸೆಟ್ಟಿದ್ದಾಗ ಕ್ಯಾಸೆಟ್ಟು, ಸಿ.ಡಿ. ಬಂದಾಗ ಸಿ.ಡಿ., ಈಗ ಯೂಟ್ಯೂಬು. ನಲವತ್ತು ವರ್ಷದಿಂದ ಗಣಪತಿ ಪೆಂಡಾಲು, ಮದುವೆ ಮನೆ, ಎಲೆಕ್ಷನ್ನು, ಯಾವುದೂ ಅವನ ಗಂಟಲಿಲ್ಲದೆ ನಡೆದಿಲ್ಲ. ಆದರೆ ಅವನಿಗೆ ಅನ್ನ, ಮನೆ, ಹೆಸರು ಎಲ್ಲ ಕೊಟ್ಟದ್ದು ಒಂದೇ ಪದ.

ಆ ಪದ ಹುಟ್ಟಿದ್ದು ಹೀಗೆ. ಪರಶುರಾಂಪುರದ ಹತ್ತಿರ, ಹುಚ್ಚಕ್ಕನ ಹಟ್ಟಿಗೆ ಹೋಗುವ ದಾರಿಯಲ್ಲಿ, ಹಾಲೇಶಪ್ಪನ ಮನೆಯವರ ಶೇಂಗಾ ಹೊಲ ಇತ್ತು. ಹುಚ್ಚಕ್ಕ ಅಲ್ಲಿ ಕೂಲಿಗೆ ಹೋಗುತ್ತಿದ್ದಳು. ಅವಳ ಗಂಡ ಪಾಲಯ್ಯ ಜ್ವರ ಹತ್ತಿ ಮೇಲೇಳದಂತಾದ. ಸೂಜಿ ಹಾಕುವ ಸಂತೆ ಊರಿನ ಕಂಪೌಂಡರು ಬರೀ ಕೈಯಲ್ಲಿ ಕರೆದರೆ ಬರುವ ಪೈಕಿಯಲ್ಲ. ಅವಳು ಮನೆಯಲ್ಲಿದ್ದ ಎರಡು ಕುರಿ ಹೊಡೆದುಕೊಂಡು ಹೋಗಿ ಮಾರಿ ಅವನನ್ನು ಹೊರಡಿಸಿದಳು. ಹಟ್ಟಿಯ ದಾರಿ ಅವನಿಗೆ ಗೊತ್ತಿರಲಿಲ್ಲ. ಅದಕ್ಕೆ ಅವನ ಸೈಕಲ್ಲಿನ ಹಿಂದೆ ಕೂತು ದಾರಿ ತೋರಿಸುತ್ತಾ ಬಂದಳು.

ಸಂತೆಯಿಂದ ಬರುವವರನ್ನು ದಾರಿಯಲ್ಲಿ ಸಿಕ್ಕವರೆಲ್ಲ "ಎಷ್ಟಕ್ಕಾತು?" ಅಂತ ಕೇಳುವುದು ನಮ್ಮಲ್ಲಿ ಮರ್ಯಾದೆ. ಎತ್ತು ತಂದರೂ ಕೇಳುತ್ತಾರೆ, ಮೊರ ತಂದರೂ ಕೇಳುತ್ತಾರೆ. ಗೆಳೆಯರ ಜೊತೆ ಬದುವಿನ ಮೇಲೆ ಕೂತಿದ್ದ ಹಾಲೇಶಪ್ಪನೂ ಕೇಳಿದ. ಅವನಿಗೆ ಆಗಿನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಕೇಳಿದ್ದು ಕುರಿಯ ಬೆಲೆಯನ್ನೇ. ಹುಚ್ಚಕ್ಕ ಗಂಡನ ಚಿಂತೆಯಲ್ಲಿ ತಿರುಗಿಯೂ ನೋಡಲಿಲ್ಲ. ಕುರಿ ಹೊಡೆದುಕೊಂಡು ಹೋದವಳು ಗಂಡಸಿನ ಸೈಕಲ್ಲಿನಲ್ಲಿ ಬಂದದ್ದು ಕಂಡು ಅವನ ನಾಲಿಗೆ ತುರಿಸಿತು, ಕೂತಲ್ಲೇ ಪದ ಕಟ್ಟಿದ. ಗೆಳೆಯರು ನಕ್ಕರು. ಅಲ್ಲಿಗೆ ಹುಚ್ಚಕ್ಕನ ಕತೆ ಮುಗಿಯಿತು.

ಹುಚ್ಚಕ್ಕ ಹೋದಳೊ ಸಂತೀಗೆ
ಎರಡು ಕುರಿ ಹೊಡಕೊಂಡು ಸಂತೀಗೆ
ಕುರಿ ಮಾರಿ ಗಂಡನ್ನ ತಂದಾಳೊ
ಸೈಕಲ್ಲಿನ ಹಿಂದೆ ಕುಂತಾಳೊ
ಹುಚ್ಚಕ್ಕಾ, ಎಷ್ಟಕ್ಕಾತಕ್ಕಾ?

ಪಾಲಯ್ಯ ಸೂಜಿ ಹಾಕಿಸಿಕೊಂಡೂ ಉಳಿಯಲಿಲ್ಲ. ಶೇಂಗಾ ಕೀಳುವ ಹೆಂಗಸರ ಬಾಯಿ ಹತ್ತಿ ಪದ ಹಟ್ಟಿಗೆ ಬಂದಾಗ ಹುಚ್ಚಕ್ಕ ಇನ್ನೂ ಸೂತಕದಲ್ಲಿದ್ದಳು. ಗೋಡೆಯ ಆಚೆ ಯಾರೋ ಗುನುಗುವುದು ಕೇಳಿ, ನನ್ನನ್ನೇ ಕರೆಯುತ್ತಿದ್ದಾರೆ ಅಂತ ಎದ್ದು ಬಾಗಿಲಿಗೆ ಬಂದಿದ್ದಳಂತೆ.

ಹಾಲೇಶಪ್ಪ ಅದನ್ನು ಬರೀ ಹಾಡುತ್ತಿರಲಿಲ್ಲ. ಅದಕ್ಕೊಂದು ಕ್ರಮ ಇತ್ತು. ವಾದ್ಯ ನಿಲ್ಲಿಸಿ, ಶಾಲು ಸರಿಮಾಡಿಕೊಂಡು, ಸಾವಿನ ಮನೆಗೆ ಬಂದವನ ಮುಖ ಮಾಡಿ ಹೇಳುತ್ತಿದ್ದ: "ಇದು ನಡೆದ ಸಂಗತಿ ಕಣ್ರಪ್ಪ. ಯಾರೂ ನಗಬ್ಯಾಡ್ರಿ." ಅಷ್ಟಕ್ಕೇ ಜನ ಬಿದ್ದು ಬಿದ್ದು ನಗುತ್ತಿದ್ದರು. ಪದಕ್ಕಿಂತ ಮುಂಚೆ ನಗು ಶುರುವಾಗುತ್ತಿತ್ತು. ಇಲ್ಲೇ ಹತ್ತಿರದ ಬ್ರಹ್ಮಗಿರಿಯ ಬಂಡೆಯ ಮೇಲೆ ಚಕ್ರವರ್ತಿಯೊಬ್ಬ ಸತ್ಯ ನುಡಿಯಬೇಕು ಅಂತ ಕೆತ್ತಿಸಿ ಎರಡು ಸಾವಿರ ವರ್ಷದ ಮೇಲಾಯಿತು. ಅದರ ಬುಡದಲ್ಲಿ ಕುರಿ ಮೇಯಿಸುವವರಿಗೂ ಅದರ ಒಂದು ಸಾಲು ಬಾಯಿಗೆ ಬರುವುದಿಲ್ಲ. ಹುಚ್ಚಕ್ಕನ ಪದ ಮಾತ್ರ ಎಲ್ಲರಿಗೂ ಬರುತ್ತದೆ.

ಹುಚ್ಚಕ್ಕ ಅಂಗಡಿಗೆ ಹೋಗಿ ಬೆಂಕಿಪೊಟ್ಟಣ ತಂದರೆ "ಎಷ್ಟಕ್ಕಾತಕ್ಕಾ?". ಬಸ್ಸು ಹತ್ತಿದರೆ ಕಂಡಕ್ಟರು ಟಿಕೆಟ್ಟು ಹರಿಯುವ ಮುಂಚೆ ಅದೇ. ಮಗ ದುರುಗಣ್ಣ ಶಾಲೆಯಲ್ಲಿ ಒಬ್ಬನ ಹಲ್ಲು ಉದುರಿಸಿ, ಪಾಟಿ ಚೀಲ ಬಾವಿಗೆ ಎಸೆದು, ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಇಲ್ಲಿಯ ಕಾಟ ತಾಳದೆ ಅವಳು ಗಡಿಯಾಚೆ ತಂಗಿಯ ಊರಿಗೆ ಹೋಗಿ ಒಂದು ಸುಗ್ಗಿ ಇದ್ದು ನೋಡಿದಳು. ಮೊಳಕಾಲ್ಮೂರಿನ ಲಾರಿಯವರು ಪದವನ್ನು ಅಲ್ಲಿಗೂ ಮುಟ್ಟಿಸಿದ್ದರು, ಆ ಊರಿನ ಹುಡುಗರು ಅದನ್ನೇ ತೆಲುಗಿನಲ್ಲಿ "ಎಂತಕಯ್ಯಿಂದಕ್ಕಾ" ಅಂತ ಕೇಳಿದರು.

ನಮ್ಮಲ್ಲಿ ಗಂಡ ಸತ್ತವಳಿಗೆ ಉಡಿಕೆ ಉಂಟು. ಮನಸ್ಸಿದ್ದವನು ಹಿರಿಯರ ಮುಂದೆ ಅವಳ ಹೆಗಲಿಗೆ ಒಂದು ಸೀರೆ ಹೊದಿಸಿದರೆ ಮುಗಿಯಿತು, ಅವಳು ಅವನ ಹೆಂಡತಿ. ದೊಡ್ಡಉಳ್ಳಾರ್ತಿಯ ಕಡೆಯ ಕುರಿಗಾಹಿಯೊಬ್ಬ ಹುಚ್ಚಕ್ಕನನ್ನು ಕೇಳಿಕೊಂಡು ಸೀರೆ ಸಮೇತ ಬಂದಿದ್ದ. ಒಳ್ಳೆಯವನು. ಬರುವ ದಾರಿಯ ಚಾದಂಗಡಿಯಲ್ಲಿ ಅವನನ್ನು ಯಾರೋ ಕೇಳಿದರು, ನಿನ್ನನ್ನು ಎಷ್ಟಕ್ಕೆ ಕೊಂಡುಕೊಂಡಳಪ್ಪ ಅಂತ. ಅವನು ಸೀರೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ತಿರುಗಿ ಹೋದ.

ಇಷ್ಟೆಲ್ಲ ಆದರೂ ಹುಚ್ಚಕ್ಕ ಹೆಸರು ಬದಲಿಸಲಿಲ್ಲ. ಬದಲಿಸು ಅಂದವರಿಗೆ, ನನ್ನವ್ವ ಯಮನ ಕೂಡ ಮಾತಾಡಿ ಇಟ್ಟ ಹೆಸರು, ಅದನ್ನು ಬಿಟ್ಟರೆ ಅವನು ನೆನಪು ಮಾಡಿಕೊಂಡು ಬಂದಾನು ಅನ್ನುತ್ತಿದ್ದಳು.

ಈಗ ಹೋದ ವರ್ಷದ ಮಾತು. ದುರುಗಣ್ಣನ ಮಗ ಪ್ರಭು ಗೂಡ್ಸ್ ಆಟೋ ಓಡಿಸುತ್ತಾನೆ. ಅವನ ಹೆಂಡತಿ ಸರಿತಾಳಿಗೆ ಹುಟ್ಟಿದ ಎರಡು ಕೂಸುಗಳೂ ಕೈಗೆ ದಕ್ಕಲಿಲ್ಲ. ಮೂರನೆಯದು ಹೆಣ್ಣು, ಹುಟ್ಟಿದ ಕೂಡಲೇ ಹಟ್ಟಿ ಹಾರಿಹೋಗುವ ಹಾಗೆ ಅತ್ತಿತು. ಹುಚ್ಚಕ್ಕ ಕೂಸನ್ನು ಮಡಿಲಿಗೆ ಹಾಕಿಕೊಂಡು, ಇದಕ್ಕೆ ನನ್ನ ಹೆಸರು ಇಡಬೇಕು ಅಂದಳು. ಅವಳ ಪಾಲಿಗೆ ಅದು ಹಟ ಅಲ್ಲ, ಔಷಧ. ಹೆಸರು ಇಡದಿದ್ದರೆ ಈ ಕೂಸೂ ಹೋಗುತ್ತದೆ ಅನ್ನುವ ಭಯ ಅವಳ ಹೊಟ್ಟೆಯಲ್ಲಿ ಕೂತುಬಿಟ್ಟಿತ್ತು.

ಸರಿತಾ ಕೆಟ್ಟವಳಲ್ಲ. ಅವಳಿಗೂ ಭಯ ಇತ್ತು, ಬೇರೆ ಭಯ. ನಾಳೆ ಶಾಲೆಗೆ ಸೇರಿಸಿದರೆ ಮೇಷ್ಟ್ರು ಹಾಜರಿ ಕರೆಯುವಾಗಲೇ ಹಾಡು ಶುರುವಾಗುತ್ತದೆ, ಮುಂದೆ ಇವಳನ್ನು ಯಾರು ಮದುವೆಯಾಗುತ್ತಾರೆ ಅಂತ ಅತ್ತಳು. ಕೊನೆಗೆ ಒಂದು ಮಾತು ಕೊಟ್ಟಳು.

"ಆ ಪದ ಸುಳ್ಳು ಅಂತ ಕಟ್ಟಿದೋನ ಬಾಯಿಂದ್ಲೇ ನಾಲ್ಕು ಜನದ ಮುಂದೆ ಹೇಳ್ಸಜ್ಜಿ. ಹೇಳ್ಸಿದ ದಿನಾನೇ ಹೆಸರು ಇಡ್ತೀನಿ."

ಹುಚ್ಚಕ್ಕ ಮಾರನೆಯ ದಿನವೇ ಪ್ರಭುವಿನ ಆಟೋ ಹತ್ತಿ ಚಳ್ಳಕೆರೆಗೆ ಹೋದಳು.

ಹಾಲೇಶಪ್ಪ ಪಡಸಾಲೆಯಲ್ಲಿ ಮಂಡಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಾ ಕೂತಿದ್ದ. ಗೋಡೆ ತುಂಬ ಶೀಲ್ಡು, ಶಾಲು ಹೊದ್ದ ಫೋಟೋ. ಎಣ್ಣೆ ತಿಕ್ಕುತ್ತಿದ್ದ ಅವನ ಹೆಂಡತಿ ದಾಕ್ಷಾಯಿಣಿ ಕುರ್ಚಿ ತೋರಿಸಿದರೂ ಹುಚ್ಚಕ್ಕ ಹೊಸಿಲ ಹತ್ತಿರ ನೆಲಕ್ಕೇ ಕೂತಳು. ತನ್ನ ಹೆಸರು ಹೇಳಿದಳು. ಅವನು ನಕ್ಕ, ಅಭ್ಯಾಸದ ನಗು. ಊರಿನ ಹೆಸರು, ಗಂಡನ ಹೆಸರು ಹೇಳಿದ ಮೇಲೆ ನಗು ನಿಂತಿತು. ನಲವತ್ತು ವರ್ಷ ಅವನು ಅವಳನ್ನು ಹಾಡಿದ್ದ, ಆ ಸೈಕಲ್ಲಿನ ದಿನದ ಮೇಲೆ ಒಂದು ಸಲವೂ ನೋಡಿರಲಿಲ್ಲ.

ಅವಳು ಕಂಪೌಂಡರನ ಸಂಗತಿಯನ್ನು ಒಂದೂ ಬಿಡದೆ ಹೇಳಿದಳು. ಸೈಕಲ್ಲಿನ ಹಿಂದೆ ಯಾಕೆ ಕೂತೆ ಅನ್ನುವುದನ್ನು ಎರಡು ಸಲ ಹೇಳಿದಳು.

"ಪಾಲಯ್ಯ ಯಾವಾಗ ಸತ್ತದ್ದು?" ಹಾಲೇಶಪ್ಪ ಕೇಳಿದ.

"ನೀವು ಪದ ಕಟ್ಟಿದ್ ವಾರಾನೇ, ಸಾವ್ಕಾರ್ರೆ."

ಅವನು ಹೆಂಡತಿಯ ಕೈಯನ್ನು ಮಂಡಿಯಿಂದ ಸರಿಸಿದ. ಆಮೇಲೆ ತನ್ನ ಗೋಳು ಹೇಳಿಕೊಂಡ. ಆ ಪದ ಕಂಡರೆ ಅವನಿಗೂ ಆಗುತ್ತಿರಲಿಲ್ಲ. ತಾಯಿಯ ಮೇಲೆ ಕಟ್ಟಿದ್ದ, ಮಳೆಯ ಮೇಲೆ ಕಟ್ಟಿದ್ದ, ಶಿವನ ಮೇಲೆ ಕಣ್ಣೀರು ಹಾಕುತ್ತಾ ಕಟ್ಟಿದ್ದ. ಶಿವನ ಪದದ ನಡುವೆ ಹಿಂದಿನಿಂದ ಯಾವನೋ ಕುಡುಕ "ಹುಚ್ಚಕ್ಕ ಹಾಕಲೇ" ಅನ್ನುತ್ತಿದ್ದ. ಒಂದು ಸಲ ಮೊಳಕಾಲ್ಮೂರಿನಲ್ಲಿ ಇವತ್ತು ಅದನ್ನು ಹಾಡುವುದಿಲ್ಲ ಅಂದದ್ದಕ್ಕೆ ಕುರ್ಚಿ ತೂರಿ ಬಂದವು. ಸೀರೆ ಅಂಗಡಿಯೊಂದರ ಒಳಕೋಣೆಯಲ್ಲಿ ಬಚ್ಚಿಟ್ಟುಕೊಂಡಿದ್ದವನನ್ನು ಎಳೆದು ತಂದು ಹಾಡಿಸಿದರು. ಇದನ್ನೆಲ್ಲ ಅವನು ಹುಚ್ಚಕ್ಕನಿಗೇ ಹೇಳಿಕೊಂಡು, ಅವಳಿಂದಲೇ ಸಮಾಧಾನದ ಮಾತು ಕೇಳಿ, ಮೂಗು ಒರೆಸಿಕೊಂಡ. ದೊಡ್ಡ ಮನುಷ್ಯರ ದುಃಖಕ್ಕೂ ಕೂಲಿಯವರೇ ಹೆಗಲು ಕೊಡಬೇಕು.

ಮುಂದಿನ ವಾರ ಚಳ್ಳಕೆರೆಯ ಶಾಲೆಯ ಮೈದಾನದಲ್ಲಿ ಅವನ ನಲವತ್ತು ವರ್ಷದ ಗಾಯನಕ್ಕೆ ಸನ್ಮಾನ ಇತ್ತು.

"ಅವತ್ತು ಬಾ ತಾಯಿ," ಅಂದ. "ಸ್ಟೇಜಿನ ಮೇಲೆ ನಿನ್ನ ಪಕ್ಕ ನಿಲ್ಲಿಸ್ಕಂಡು ನನ್ನ ಬಾಯಿಂದ್ಲೇ ಹೇಳ್ತೀನಿ. ಆ ಪದಾನೂ ಅವತ್ತಿಗೆ ಬಿಡ್ತೀನಿ. ಮಗೀಗೆ ನಿನ್ ಹೆಸರೇ ಇಡ್ಲಿ."

ಆ ಗಳಿಗೆಯಲ್ಲಿ ಅವನು ಮನಸ್ಸಿನಿಂದಲೇ ಅಂದಿದ್ದ. ಇದನ್ನು ಒಪ್ಪಿಕೊಳ್ಳದೆ ಅವನಿಗೆ ಬೈದರೆ ಅನ್ಯಾಯವಾಗುತ್ತದೆ.

ಸನ್ಮಾನದ ದಿನ ಹುಚ್ಚಕ್ಕ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಇದ್ದುದರಲ್ಲಿ ಗಟ್ಟಿ ಸೀರೆ ಉಟ್ಟು ಪ್ರಭುವಿನ ಜೊತೆ ಬಂದಳು. ಸರಿತಾ ಹಟ್ಟಿಯಲ್ಲಿ ಕೂಸಿಗೆ ಮೊಲೆ ಕೊಡುತ್ತಾ ಫೋನಿನಲ್ಲಿ ಲೈವ್ ನೋಡುತ್ತಿದ್ದಳು. ಮೈದಾನ ತುಂಬಿ ಜನ ಕಾಂಪೌಂಡ್ ಗೋಡೆ ಹತ್ತಿದ್ದರು. ಭಾಷಣಗಳಲ್ಲಿ ಅವನನ್ನು ಕೋಗಿಲೆ ಅಂದರು, ಬಯಲುಸೀಮೆಯ ದನಿ ಅಂದರು. ಅವನಿಗೆ ಬೆಳ್ಳಿ ಕಿರೀಟ, ದಾಕ್ಷಾಯಿಣಿಗೆ ಕೊಡಲು ತಟ್ಟೆಯಲ್ಲಿ ಒಂದು ಮೊಳಕಾಲ್ಮೂರು ರೇಷ್ಮೆ ಸೀರೆ. ಆಕೆ ಮುಂದಿನ ಸಾಲಿನಲ್ಲಿ ಅದನ್ನೇ ನೋಡುತ್ತಾ ಕೂತಿದ್ದಳು.

ಹಾಲೇಶಪ್ಪ ಮೈಕು ಹಿಡಿದು, ಹುಚ್ಚಕ್ಕ ಇಲ್ಲಿ ಬಂದಿದ್ದಾಳೆ, ದಯವಿಟ್ಟು ಮೇಲೆ ಬರಬೇಕು ಅಂದ. ಜನಕ್ಕೆ ಮೊದಲು ನಂಬಿಕೆ ಬರಲಿಲ್ಲ. ಬಿಳಿಗೂದಲ ಮುದುಕಿಯೊಬ್ಬಳು ಮೊಮ್ಮಗನ ಕೈ ಹಿಡಿದು ಮೆಟ್ಟಿಲು ಹತ್ತಿದಾಗ ಫೋನುಗಳು ಮೇಲೆದ್ದವು, ಶಿಳ್ಳೆ ಬಿದ್ದವು. ಪದದೊಳಗಿನ ಹೆಂಗಸಿಗೆ ಕೈಕಾಲು ಇವೆ ಅನ್ನುವುದು ಅವರಿಗೆ ಅಂದೇ ಗೊತ್ತಾದದ್ದು. ಹುಚ್ಚಕ್ಕ ಎಲ್ಲರಿಗೂ ಕೈ ಮುಗಿದಳು.

ಅವನು ವಾದ್ಯ ನಿಲ್ಲಿಸಿದ. ಶಾಲು ಸರಿಮಾಡಿಕೊಂಡ. ಮುಖ ಗಂಭೀರ ಮಾಡಿದ.

"ಇವತ್ತು ಒಂದು ಮಾತು ಹೇಳ್ಬೇಕು. ಇದು ನಡೆದ ಸಂಗತಿ ಕಣ್ರಪ್ಪ. ಯಾರೂ ನಗಬ್ಯಾಡ್ರಿ."

ಮೈದಾನ ಒಡೆದು ಹೋಗುವ ಹಾಗೆ ನಕ್ಕಿತು. ಪಾಪ, ಅವನ ನಾಲಿಗೆಗೆ ಬೇರೆ ಮಾತು ಗೊತ್ತಿರಲಿಲ್ಲ. ಈ ಪದದ ಮುಂದೆ ನಿಂತು ನಲವತ್ತು ವರ್ಷ ಅವನು ಆಡಿದ್ದು ಇಷ್ಟೇ ಮಾತು. ಅವನು ಕೈ ಎತ್ತಿ, ಅಲ್ಲ, ನಿಜವಾಗಲೂ ಹೇಳುತ್ತಿದ್ದೇನೆ ಅಂದ. ಇನ್ನೂ ನಕ್ಕರು. ಸೈಕಲ್ಲಿನಲ್ಲಿ ಬಂದವನು ಕಂಪೌಂಡರು, ಇವಳ ಗಂಡನಿಗೆ ಸೂಜಿ ಹಾಕಲು ಬಂದಿದ್ದ ಅಂದ. ಸೂಜಿ ಅಂದದ್ದೇ ತಡ, ಗಂಡಸರ ಕಡೆ ಒಬ್ಬರ ಮೇಲೊಬ್ಬರು ಬಿದ್ದರು. ಡ್ರಮ್ಮಿನವನು ಇದೂ ಆಟದ ಭಾಗ ಅಂತ ತಿಳಿದು ಒಂದು ಪೆಟ್ಟು ಬಾರಿಸಿದ. ಹುಚ್ಚಕ್ಕ ಹಾಲೇಶಪ್ಪನ ಮುಖವನ್ನೇ ನೋಡುತ್ತಿದ್ದಳು. ಇನ್ನೊಂದು ಸಲ ಹೇಳ್ರಿ ಅನ್ನುವ ಹಾಗೆ ತಲೆ ಆಡಿಸುತ್ತಿದ್ದಳು.

ಹಾಲೇಶಪ್ಪ ಬೆವತುಹೋದ. ಮರ್ಯಾದೆ ಮಾಡಿದರೆ ಜನ ಸುಮ್ಮನಾಗುತ್ತಾರೆ ಅಂದುಕೊಂಡನೋ ಏನೋ, ತಟ್ಟೆಯಲ್ಲಿದ್ದ ಸೀರೆ ತೆಗೆದು ಬಿಡಿಸಿ ಹುಚ್ಚಕ್ಕನ ಹೆಗಲಿಗೆ ಹೊದಿಸಿದ.

ಉಡಿಕೆ ಗೊತ್ತಿಲ್ಲದ ಊರಿನಲ್ಲಿ ಹಾಗೆ ಮಾಡಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಇಲ್ಲಿ ಹೆಂಗಸರ ಕಡೆಯಿಂದ ಯಾರೋ ಅಂದರು, "ಉಡಿಕೆ ಆತಲ್ಲೇ."

ಅದು ಹೊಸ ನಗು. ಹತ್ತಾರು ವರ್ಷದಿಂದ ಜನ ರೂಢಿಗೆ ನಗುತ್ತಿದ್ದರು, ಅವನಿಗದು ಗೊತ್ತಿತ್ತು. ಈ ನಗು ಬದುವಿನ ಮೇಲೆ ಗೆಳೆಯರು ನಕ್ಕ ನಗುವಿನಂಥದ್ದು, ತಾಜಾ. ಹಾಲೇಶಪ್ಪನ ಬಾಗಿದ ಬೆನ್ನು ನೆಟ್ಟಗಾಯಿತು. ಅವನೂ ನಕ್ಕ. ಪದ ಕಟ್ಟುವವನ ಬಾಯಿಗೆ ಒಮ್ಮೆ ಪ್ರಾಸ ಬಂದರೆ ಅವನ ಅವ್ವ ಅಡ್ಡ ಬಂದರೂ ನಿಲ್ಲುವುದಿಲ್ಲ. ಇನ್ನು ಇವಳು ಯಾವ ಲೆಕ್ಕ?

ಹುಚ್ಚಕ್ಕ ಬಂದಾಳೊ ಸ್ಟೇಜೀಗೆ
ಮೊಳಕಾಲ್ಮೂರ ಸೀರೀಯ ಮೋಜೀಗೆ
ಸೂಜಿ ಚುಚ್ಚೋ ಕಂಪೌಂಡ್ರು ಹೋದಾನೊ
ಹಾಲೇಶ ಪುಕ್ಕಟೆ ಸಿಕ್ಕಾನೊ

ವಾದ್ಯದವರು ಹಿಡಿದುಕೊಂಡರು. ಗೋಡೆಯ ಮೇಲಿದ್ದವರು ಇಳಿದು ಕುಣಿದರು. ಮೈದಾನಕ್ಕೆ ಮೈದಾನವೇ ಕೇಳಿತು, ಹುಚ್ಚಕ್ಕಾ, ಎಷ್ಟಕ್ಕಾತಕ್ಕಾ? ಅವನು ಮೈಕನ್ನು ಅವಳ ಬಾಯಿಯ ಹತ್ತಿರ ಹಿಡಿದ. ಅವನಿಗೆ ಆಗ ಎದುರಿಗೆ ಹುಚ್ಚಕ್ಕ ಕಾಣುತ್ತಿರಲಿಲ್ಲ, ಮುಂದಿನ ನಗು ಕಾಣುತ್ತಿತ್ತು.

ಅವಳು ಬಂದ ಕೆಲಸ ಮರೆತಿರಲಿಲ್ಲ. ಮೈಕಿನ ಕಡೆ ಲಕ್ಷ್ಯವಿಲ್ಲದೆ, ಅವನೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಅಂದಳು: "ಸಾವ್ಕಾರ್ರೆ, ಮಗೀನ ವಿಚಾರ..."

ನಾಲ್ಕು ಕಂಬದ ನಾಲ್ಕು ಸ್ಪೀಕರುಗಳೂ ಅದನ್ನು ಚಳ್ಳಕೆರೆಗೆಲ್ಲ ಹೇಳಿದವು. ಉಡಿಕೆಯ ಹಿಂದೆಯೇ ಮಗುವಿನ ಮಾತು ಬಂದದ್ದು ಕೇಳಿ ಜನಕ್ಕೆ ಹೊಟ್ಟೆ ಹಿಡಿದುಕೊಳ್ಳಲೂ ಆಗಲಿಲ್ಲ. ಮುಂದಿನ ಸಾಲಿನಲ್ಲಿದ್ದ ದಾಕ್ಷಾಯಿಣಿ ಎದ್ದು ಕಾರಿಗೆ ಹೋದಳು, ಜನ ಅದಕ್ಕೂ ಶಿಳ್ಳೆ ಹಾಕಿದರು. ಪ್ರಭು ಅಜ್ಜಿಯ ತೋಳು ಹಿಡಿದು ಕೆಳಗಿಳಿಸಿದ. ಅವಳು ಇಳಿಯುವಾಗ, ಇನ್ನೂ ಅವರು ಹೇಳಿ ಮುಗಿಸಿಲ್ಲ ಇರಪ್ಪ, ಅನ್ನುತ್ತಿದ್ದಳು.

ಹೊದಿಸಿದ ಸೀರೆ ಅವಳ ಹೆಗಲ ಮೇಲೇ ಉಳಿದಿತ್ತು. ಮನೆಗೆ ಬಂದರೆ ಸರಿತಾ ಫೋನು ಮಗುಚಿಟ್ಟು, ಕೂಸನ್ನು ಗೋಡೆ ಕಡೆ ತಿರುಗಿಸಿ ಮಲಗಿಸಿದ್ದಳು. ಮುಂದಿನ ಸೋಮವಾರ ಕೂಸಿಗೆ ಸ್ವಪ್ನಾ ಅಂತ ಹೆಸರು ಇಟ್ಟರು. ಸರಿತಾ ಅಂದು ಆ ರೇಷ್ಮೆ ಸೀರೆಯನ್ನೇ ಉಟ್ಟಳು, ಅಷ್ಟು ಒಳ್ಳೆಯ ಸೀರೆ ಮನೆಯಲ್ಲಿ ಬೇರೆ ಇರಲಿಲ್ಲ. ತೊಟ್ಟಿಲ ಸುತ್ತ ಹೆಂಗಸರು ಕೂಸಿನ ಕಿವಿಯಲ್ಲಿ ಹೆಸರು ಕೂಗುವಾಗ ಹುಚ್ಚಕ್ಕ ಹಿತ್ತಲಿಗೆ ಹೋಗಿ, ಕುರಿ ಇಲ್ಲದ ಕುರಿ ಹಟ್ಟಿಯ ಬೇಲಿ ಹಿಡಿದುಕೊಂಡು, ಯಮನಿಗೆ ಏನು ಹೇಳಲಿ ಅಂತ ಅತ್ತಳು.

ಹಾಲೇಶಪ್ಪನಿಗೆ ಮತ್ತೆ ಹರೆಯ ಬಂತು. ಹೊಸ ನುಡಿ ಸೇರಿದ ಪದವನ್ನು ಲಕ್ಷಗಟ್ಟಲೆ ಜನ ನೋಡಿದರು. ಡಿ.ಜೆ.ಯವರು ಅದಕ್ಕೆ ಬಡಿತ ಕೂಡಿಸಿದರು. ಅವಳ "ಸಾವ್ಕಾರ್ರೆ, ಮಗೀನ ವಿಚಾರ" ಅನ್ನುವ ದನಿಯನ್ನು ಕತ್ತರಿಸಿ ನುಡಿಯ ಕೊನೆಗೆ ಅಂಟಿಸಿದರು. ಟಿ.ವಿ.ಯವರು ಬಂದು ಕೇಳಿದಾಗ ಅವನು, ಹುಚ್ಚಕ್ಕ ನನಗೆ ಒಡಹುಟ್ಟಿದ ಅಕ್ಕ ಇದ್ದ ಹಾಗೆ ಅಂದ. ಶಿವನ ಪದದ ಮಾತನ್ನು ಅವನೂ ಎತ್ತಲಿಲ್ಲ.

ಸ್ವಪ್ನಾಳನ್ನು ಯಮ ಮುಟ್ಟಲಿಲ್ಲ. ಗುಂಡುಕಲ್ಲಿನ ಹಾಗೆ ಬೆಳೆದಳು. ಊಟಕ್ಕೆ ಮಾತ್ರ ಬಲು ಹಟ. ಏನು ಮಾಡಿದರೂ ಬಾಯಿ ತೆರೆಯುತ್ತಿರಲಿಲ್ಲ. ಒಂದು ದಿನ ಪ್ರಭುವಿನ ಫೋನಿನಲ್ಲಿ ತಾನಾಗಿ ಆ ಡಿ.ಜೆ. ಪದ ಬಂತು, ಕೂಸು ಅಳು ನಿಲ್ಲಿಸಿ ಬಾಯಿ ತೆರೆಯಿತು. ಅಂದಿನಿಂದ ಬೇರೆ ಯಾವುದನ್ನು ಹಾಕಿದರೂ ತುತ್ತು ಉಗುಳುತ್ತದೆ. ಸರಿತಾ ಮೊದಮೊದಲು ಅಜ್ಜಿ ಇಲ್ಲದಾಗ ಹಾಕುತ್ತಿದ್ದಳು. ಶೇಂಗಾ ಕೀಳುವ ಕೂಲಿ ಶುರುವಾದ ಮೇಲೆ ಕೂಸಿಗೆ ಉಣ್ಣಿಸುವುದು ಅಜ್ಜಿಯ ಪಾಲಿಗೇ ಬಂತು. ಯಾವ ಗುಂಡಿ ಒತ್ತಿದರೆ ಪದ ಬರುತ್ತದೆ ಅಂತ ಸರಿತಾ ತಲೆ ತಗ್ಗಿಸಿಕೊಂಡೇ ತೋರಿಸಿಕೊಟ್ಟಳು.

ಈಗ ಮಧ್ಯಾಹ್ನ ಆ ಹಟ್ಟಿಗೆ ಹೋದರೆ ಕಾಣುತ್ತದೆ. ನೀರಿನ ಕೊಡಕ್ಕೆ ಫೋನು ಒರಗಿಸಿ, ಸ್ವಪ್ನಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹುಚ್ಚಕ್ಕ ಮುದ್ದೆಯನ್ನು ಸಾರಿನಲ್ಲಿ ಅದ್ದಿ ಅದ್ದಿ ಬಾಯಿಗಿಡುತ್ತಾಳೆ. ಹಾಲೇಶ ಹಾಡುತ್ತಾನೆ. ನಡುವೆ ಅವಳದೇ ದನಿ ಬಂದು, ಮಗೀನ ವಿಚಾರ ಅನ್ನುತ್ತದೆ. ಕೂಸು ಆ ಜಾಗಕ್ಕೆ ಕಾದಿದ್ದು ಚಪ್ಪಾಳೆ ತಟ್ಟುತ್ತದೆ.

ಮೊನ್ನೆ ಅದಕ್ಕೆ ಮಾತು ಬಂತು. ಅವ್ವ ಅನ್ನಲಿಲ್ಲ, ಅಪ್ಪ ಅನ್ನಲಿಲ್ಲ. ಪದ ಮುಗಿದು ಫೋನು ಕಪ್ಪಾದಾಗ ಮುದುಕಿಯ ಗದ್ದ ಹಿಡಿದು, ಪದದ ರಾಗದಲ್ಲೇ ಕೇಳಿತು.

"ಆತಕ್ಕಾ?"

ಹುಚ್ಚಕ್ಕ ಸೆರಗಿನಿಂದ ಕೂಸಿನ ಬಾಯಿ ಒರೆಸಿದಳು.

"ಆತು ಬಿಡವ್ವ," ಅಂದಳು. "ಆತು."